ಅಪ್‌ಡೇಟ್: ಮೀನು ಸಾಯೋದು ನಿಂತೈತಿ, ತಪ್ಪು ಇದ್ದದ್ದು ಫಿಲ್ಟರ್ ಸ್ಪಂಜ್ ತೊಳೆದದ್ರಾಗ

ಹುಬ್ಬಳ್ಳಿ ಮನಿಯ 60 ಲೀಟರ್ ಟ್ಯಾಂಕಿನಾಗ ಗೋಲ್ಡ್‌ಫಿಶ್ ಒಂದೊಂದ ಸಾಯಾಕತ್ತಾವ, ಮೈಮ್ಯಾಲ ಕಲೆ ಇಲ್ಲ, ಮ್ಯಾಲ ಬಂದು ಬಾಯಿ ತೆರೀತಾವ ಅಂತ ಕೇಳಿದ್ದೆನಲ್ರಿ. ಎಂಟು ದಿನ ಆತು, ಒಂದೂ ಸತ್ತಿಲ್ಲ.

“ಔಷಧ ಬಿಡ್ರಿ, ಮೊದಲ ಅಮೋನಿಯಾ ನೋಡ್ರಿ” ಅಂದವರದ ಖರೆ ಆತು. ಅಮೋನಿಯಾ ಅಂದ್ರ ಮೀನಿನ ಹೊಲಸಿನಿಂದ ನೀರಿನಾಗ ಸೇರೋ ವಿಷ. ಟೆಸ್ಟ್ ಟ್ಯೂಬ್ ಹಳದಿ ಇರಬೇಕಿತ್ತು, ಕಡುಹಸಿರು ಬಂತು: 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ). ಫಿಲ್ಟರ್ ಸ್ಪಂಜನ್ನ ನಳದ ಕೆಳಗ ತಿಕ್ಕಿ ತೊಳೆದಿದ್ದೆ. ಮಲಪ್ರಭಾ ನೀರೇನೋ ಛಲೋನ, ಅದರಾಗಿನ ಕ್ಲೋರಿನ್ ಸ್ಪಂಜಿನಾಗಿನ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾನ್ನ ಕೊಂದಿತ್ತು.

ಎರಡು ದಿನ ಫುಡ್ ಬಂದ್ ಮಾಡಿ, ದಿನಾ 15 ಲೀಟರ್ ತೆಗೆದು, ಆ್ಯಂಟಿಕ್ಲೋರಿನ್ ಬೆರೆಸಿದ ನೀರು ಹಾಕಿದೆ. ಏರ್ ಪಂಪ್ ಹಗಲೂರಾತ್ರಿ ಚಾಲೂ. ಈಗ 0.25ಕ್ಕ ಇಳಿದೈತಿ. ಸ್ಪಂಜ್ ಇನ್ನ ಮ್ಯಾಲ ಟ್ಯಾಂಕಿಂದ ತೆಗೆದ ನೀರಿನ ಬಕೆಟ್‌ನ್ಯಾಗಷ್ಟ ಹಿಂಡೋದು.

ಮೊದಲ ಹಾಕಿದ್ದ ಮೆಥಿಲೀನ್ ಬ್ಲೂ (ಮೀನಿನ ನೀಲಿ ಔಷಧ) ದಂಡ. ಅದು ಉಳಿದ ಬ್ಯಾಕ್ಟೀರಿಯಾಕ್ಕೂ ಕುತ್ತು. ಸಿಲಿಕಾನ್ ಅಂಚು ಇನ್ನೂ ನೀಲಿ ಐತಿ! ಕಲ್ಲುಪ್ಪು ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯಾ ತಿಂದ ಮ್ಯಾಲ ಆಗೋ ಇನ್ನೊಂದು ವಿಷ) ಏರಿದಾಗ ಉಪಯೋಗ, ಅಮೋನಿಯಾ ತೆಗೆಯಂಗಿಲ್ಲ.

ಗೊತ್ತಿರದ ಮಾತೊಂದು: ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7ರಿಂದ 8ಕ್ಕ ಏರಿದ್ರ ಅದ ಅಮೋನಿಯಾದಾಗಿನ ವಿಷದ ಪಾಲು ಸುಮಾರು 10 ಪಟ್ಟು ಆಗತೈತಿ. ಬೋರ್ ನೀರು ಹಾಕೋರು ಪಿಎಚ್ಚೂ ನೋಡ್ಕೊಳ್ರಿ.