‘ಒರಿಜಿನಲ್’ಗೆ ಕನ್ನಡದಲ್ಲಿ ಏನನ್ನೋಣ? ‘ಮಾಡೆಲ್’ ಅಂದರೆ ಯಾವ ವರ್ಷ?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದೇ ಪದದ ಹಿಂದೆ ಬಿದ್ದಿದ್ದೇನೆ. ‘ಒರಿಜಿನಲ್’. ಇದಕ್ಕೆ ಕನ್ನಡದಲ್ಲಿ ಪದ ಇಲ್ಲ ಅಂತಲ್ಲ. ಮೂಲ, ಅಸಲಿ, ಅಪ್ಪಟ, ಸಾಚಾ, ಬೇಕಾದಷ್ಟಿವೆ. ಆದರೆ ನಾನು ಹೇಳಬೇಕಾದ ಮಾತಿಗೆ ಒಂದೂ ಸರಿಯಾಗಿ ಕೂರುತ್ತಿಲ್ಲ.

ವಿಷಯ ಹಳೆಯ ಕಾರಿನದು. ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ಗೆಳೆಯ ಒಂದು ಪೋರ್ಷೆ 911 ಕೂಪೆ (ಎರಡು ಬಾಗಿಲಿನ, ಗಟ್ಟಿ ಚಾವಣಿಯ ಸ್ಪೋರ್ಟ್ಸ್ ಕಾರು) ಕೊಳ್ಳಲು ಹೊರಟಿದ್ದಾನೆ. 1972ರ ಮಾಡೆಲ್. ಅವನ ತಂದೆ ದಾವಣಗೆರೆಯಲ್ಲಿ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವರು. ಅವರು ಒಪ್ಪದೆ ಇವನು ಗಾಡಿ ಮುಟ್ಟುವುದಿಲ್ಲ. ಕಾರಿನ ತಪಾಸಣೆ ವರದಿ ಜರ್ಮನ್‌ನಲ್ಲಿದೆ. ಅದನ್ನು ಅವರಿಗಾಗಿ ಕನ್ನಡಕ್ಕೆ ತರುವ ಕೆಲಸ ನನ್ನದು. ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಫೋನಿನಲ್ಲಿ ಅಪ್ಪ ಮಗ ಆಡಿದ ಮಾತು ಹೀಗಿತ್ತು:

‘ಎಡಗಡೆ ಬಾಗಿಲು ಒರಿಜಿನಲ್ ಅಲ್ಲಪ್ಪ, ಆಮೇಲೆ ಹಾಕಿದ್ದು.’
‘ಲೋಕಲ್ ಬಾಗಿಲಾ?’
‘ಇಲ್ಲ, ಪೋರ್ಷೆ ಕಂಪನಿದೇ.’
‘ಮತ್ತೆ ಒರಿಜಿನಲ್ಲೇ ಆಯ್ತಲ್ಲೋ!’

ಇಬ್ಬರೂ ಸರಿಯಾಗಿಯೇ ಹೇಳಿದರು. ನಮ್ಮ ಗ್ಯಾರೇಜುಗಳಲ್ಲಿ ಒರಿಜಿನಲ್ಲಿಗೆ ಎದುರು ಪದ ಡೂಪ್ಲಿಕೇಟ್ ಅಥವಾ ಲೋಕಲ್. ಅಲ್ಲಿ ಕೇಳುವುದು, ಇದನ್ನು ಮಾಡಿದವರು ಯಾರು ಅಂತ. ನಿನ್ನೆ ಡಬ್ಬಿಯಿಂದ ತೆಗೆದ ಹೊಸ ಬ್ರೇಕ್ ಪ್ಯಾಡ್ ಕೂಡ ಕಂಪನಿದಾದರೆ ಒರಿಜಿನಲ್ಲೇ. ಹಳೆಯ ಕಾರು ಕೂಡಿಡುವವರಿಗೆ ಎದುರು ಪದವೇ ಬೇರೆ, ‘ಬದಲಾಯಿಸಿದ್ದು’ ಅಂತ. ಅವರು ಕೇಳುವುದು, ಇದು ಈ ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂತಾ ಅಂತ.

ವರದಿಯಲ್ಲಿ ಇದೇ ಪ್ರಶ್ನೆಯನ್ನು ಒಂದೊಂದು ಭಾಗಕ್ಕೂ ಕೇಳಿದ್ದಾರೆ. ಚಾಸಿ ನಂಬರ್ ನೋಡಿದ್ದಾರೆ. ಈ ಕಾರಿಗೆ ಇಂಜಿನ್ ಹಿಂದುಗಡೆ, ಅಲ್ಲಿ ಫ್ಯಾನಿನ ಪಕ್ಕ ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಲೋಹದ ಕವಚದ) ಮೇಲೆ ಒತ್ತಿದ ಇಂಜಿನ್ ನಂಬರ್ ನೋಡಿದ್ದಾರೆ. ಎರಡನ್ನೂ ಕಾರ್ಖಾನೆಯ ದಾಖಲೆಗೆ ಹೋಲಿಸಿದ್ದಾರೆ. ಫುಕ್ಸ್ ಚಕ್ರಗಳನ್ನು ಬಿಚ್ಚಿ, ಒಳಮೈಯಲ್ಲಿ ಒತ್ತಿರುವ ತಾರೀಕು ಓದಿದ್ದಾರೆ. ಮೂರು ಚಕ್ರ 1971ರವು, ಒಂದು 1978ರದ್ದು. ಆ ನಾಲ್ಕನೆಯದೂ ಅದೇ ಫುಕ್ಸ್ ಕಂಪನಿದು, ನೋಡಲೂ ಹಾಗೇ ಇದೆ. ಆದರೆ ಈ ಕಾರಿನ ಜೊತೆ ಹುಟ್ಟಿದ್ದಲ್ಲ.

ಇಲ್ಲಿ ‘ಮ್ಯಾಚಿಂಗ್ ನಂಬರ್ಸ್’ ಅನ್ನುವ ಮಾತು ಬರುತ್ತದೆ. ಜರ್ಮನರೂ ಇಂಗ್ಲಿಷಿನಲ್ಲೇ ಅನ್ನುತ್ತಾರೆ. ಇದನ್ನು ‘ಒಂದೇ ನಂಬರ್’ ಅಂತ ಕನ್ನಡಕ್ಕೆ ತಂದರೆ ಪೂರ್ತಿ ತಪ್ಪು. ಈ ಕಾರಿನ ಇಂಜಿನ್ ನಂಬರೇ ಬೇರೆ, ಚಾಸಿ ನಂಬರೇ ಬೇರೆ. ಈ ಚಾಸಿಗೆ ಈ ಇಂಜಿನ್ನನ್ನೇ ಕೂರಿಸಿ ಕಳಿಸಿದೆವು ಅಂತ ಕಾರ್ಖಾನೆಯ ದಾಖಲೆ ಹೇಳಬೇಕು, ಅಷ್ಟೇ.

ಈಗ ನಮ್ಮ ಪದಗಳನ್ನು ಇಟ್ಟು ನೋಡೋಣ. ‘ಅಪ್ಪಟ’ ಅಂದರೆ ಬೆರಕೆ ಇಲ್ಲದ್ದು. ಅಪ್ಪಟ ಚಿನ್ನ, ಅಪ್ಪಟ ರೇಷ್ಮೆ. ಇಡೀ ಕಾರಿಗೆ ಹೇಳಬಹುದು, ಒಂದು ಬಾಗಿಲಿಗೆ ಆಗಲ್ಲ. ‘ಅಸಲಿ’ಗೆ ಎದುರು ಪದ ನಕಲಿ. ಅಲ್ಲಿಗೆ ಮತ್ತೆ ಗ್ಯಾರೇಜಿನ ಅರ್ಥಕ್ಕೇ ಬಂದು ನಿಂತೆವು. ಬಾಗಿಲು ಅಸಲಿ ಅಲ್ಲ ಅಂದರೆ ಮಾರುವವನು ಮೋಸ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಪಾಪ, ಅವನು ಎಲ್ಲವನ್ನೂ ಬಿಚ್ಚಿ ಹೇಳಿದ್ದಾನೆ. ‘ಮೂಲ’ ಹತ್ತಿರದ್ದು. ಮೂಲ ಪ್ರತಿ, ಮೂಲ ದಾಖಲೆ ಅಂತೀವಲ್ಲ. ಆದರೆ ‘ಮೂಲ ಇಂಜಿನ್’ ಅಂದಾಗ ಆ ಗಾಡಿಗೆ ಮೊದಲು ರೂಪಿಸಿದ ಇಂಜಿನ್ನಿನ ಬಗೆ ಅಂತಲೂ ಕೇಳುತ್ತದೆ.

ನಕಲಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 1973ರ ಮಾಡೆಲ್ ಕರೇರಾ ಆರ್‌ಎಸ್ 2.7 ಅನ್ನುವ 911 ತಯಾರಾದದ್ದು 1,580 ಮಾತ್ರ. ಹಿಂದೆ ಬಾತುಕೋಳಿಯ ಬಾಲದಂತೆ ಎದ್ದ ಸ್ಪಾಯ್ಲರ್ (ಗಾಳಿಯ ಹರಿವು ತಿದ್ದುವ ಪಟ್ಟಿ) ಅದರ ಗುರುತು. ಸಾಮಾನ್ಯ 911ಗೆ ಆ ಬಾಲ ಕೂರಿಸಿ ಅದೇ ರೂಪ ಕೊಟ್ಟವು ಬಹಳ ಇವೆ. ಅಂಥ ಕಾರನ್ನು ಮುಚ್ಚುಮರೆ ಇಲ್ಲದೆ ಮಾರಿದರೆ ಅದು ‘ನಕಲು’. ನಿಜವಾದ ಆರ್‌ಎಸ್ ಅಂತ ಹೇಳಿ ಮಾರಿದರೆ ‘ನಕಲಿ’. ದಾಖಲೆಯ ನಕಲು ಪ್ರತಿ ತಪ್ಪಲ್ಲ, ನಕಲಿ ದಾಖಲೆ ಅಪರಾಧ. ಕೊನೆಯ ಒಂದು ಸ್ವರದಲ್ಲಿ ಕನ್ನಡ ಇಷ್ಟು ದೊಡ್ಡ ವ್ಯತ್ಯಾಸ ತೋರಿಸುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದು.

ಕೊನೆಗೆ ನನಗೆ ಹೊಳೆದದ್ದು ‘ಹುಟ್ಟು’. ಹುಟ್ಟುಗುಣ, ಹುಟ್ಟುಮಚ್ಚೆ ಇದ್ದ ಹಾಗೆ ಹುಟ್ಟುಬಣ್ಣ, ಹುಟ್ಟು ಇಂಜಿನ್. ‘ಬಾಗಿಲು ಕಂಪನಿದೇ, ಆದರೆ ಹುಟ್ಟುಬಾಗಿಲಲ್ಲ’ ಅಂತ ಬರೆದು ಗೆಳೆಯನ ತಂದೆಗೆ ಕಳಿಸಿದೆ. ಅವರಿಗೆ ಕೂಡಲೇ ಅರ್ಥವಾಯಿತು. ಆದರೆ ಒಬ್ಬರಿಗೆ ಅರ್ಥವಾದರೆ ಸಾಲದು ಅಲ್ವಾ? ಜೀವ ಇರುವುದಕ್ಕೆ ಹೇಳುವ ಪದ ಕಬ್ಬಿಣಕ್ಕೆ ಒಗ್ಗುತ್ತದಾ ಅನ್ನುವ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಎರಡನೆಯ ಪ್ರಶ್ನೆ ‘ಮಾಡೆಲ್’ ಬಗ್ಗೆ. ‘ಗಾಡಿ ಯಾವ ಮಾಡೆಲ್?’ ಅಂತ ಕೇಳಿದರೆ ನಮ್ಮಲ್ಲಿ ‘2012’ ಅಂತ ಉತ್ತರ ಬರುತ್ತದೆ. ಅಂದರೆ ಕನ್ನಡದಲ್ಲಿ ಮಾಡೆಲ್ ಅಂದರೇ ವರ್ಷ. ‘ಮಾಡೆಲ್ ವರ್ಷ’ ಅಂದರೆ ‘ಗೇಟು ಬಾಗಿಲು’ ಅಂದ ಹಾಗೆ. ಜರ್ಮನ್‌ನಲ್ಲಿ ಮೂರು ಪದ ಇವೆ. ಬೌಯಾರ್ ಅಂದರೆ ತಯಾರಾದ ವರ್ಷ, ಮೊಡೆಲ್‌ಯಾರ್ ಅಂದರೆ ಮಾಡೆಲ್ಲಿನ ವರ್ಷ. ಮೊದಲ ನೋಂದಣಿಗೆ ಇನ್ನೊಂದು ಉದ್ದನೆಯ ಪದ. ಈ ಕಾರು ತಯಾರಾದದ್ದು 1971ರ ಅಕ್ಟೋಬರ್‌ನಲ್ಲಿ. ಪೋರ್ಷೆಯಲ್ಲಿ ಹೊಸ ಮಾಡೆಲ್ ಬೇಸಿಗೆ ರಜೆ ಮುಗಿದ ಮೇಲೆ ಶುರುವಾಗುತ್ತಿತ್ತು. ಹಾಗಾಗಿ ಇದು 1972ರ ಮಾಡೆಲ್. ಚಾಸಿ ನಂಬರಿನಲ್ಲಿ 911 ಆದ ಮೇಲೆ ಬರುವ ನಾಲ್ಕನೆಯ ಅಂಕೆ 2. ಅದೇ ಮಾಡೆಲ್ಲಿನ ಗುರುತು.

ನಂಬರ್ ನೋಡದೆಯೂ ಹೇಳಬಹುದು. ಗೆಳೆಯ ವಿಡಿಯೋ ಕಾಲ್‌ನಲ್ಲಿ ಕಾರನ್ನು ಸುತ್ತಿ ತೋರಿಸಿದ. ಬಲಗಡೆ ಬಾಗಿಲಿನ ಹಿಂದೆ, ಕಿಟಕಿಯ ಕೆಳಗೆ, ಅಂಗೈಯಷ್ಟು ಒಂದು ಸಣ್ಣ ಮುಚ್ಚಳ. ಪೆಟ್ರೋಲ್ ಹಾಕುವ ಬಾಯಿ ಮುಂದೆ ಎಡಗಡೆ ಇದೆ. ಇದು ಇಂಜಿನ್ ಆಯಿಲ್ ಹಾಕುವ ಕಿಂಡಿ. ಹಿಂಭಾರ ಕಡಿಮೆ ಮಾಡೋಣ ಅಂತ ಆ ವರ್ಷ ಆಯಿಲ್ ಟ್ಯಾಂಕನ್ನು ಹಿಂದಿನ ಚಕ್ರದ ಮುಂದಕ್ಕೆ ತಂದರು, ಕಿಂಡಿ ಹೊರಮೈಗೆ ಬಂತು. ಬಂಕ್‌ನವರು ಇದೇ ಪೆಟ್ರೋಲ್ ಬಾಯಿ ಅಂದುಕೊಂಡು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಸುರಿದದ್ದೂ ಉಂಟು. 1973ರ ಮಾಡೆಲ್‌ಗೆ ಕಿಂಡಿ ಹೋಯಿತು, ಟ್ಯಾಂಕ್ ಹಳೆಯ ಜಾಗಕ್ಕೆ ಮರಳಿತು. ಒಂದೇ ವರ್ಷದ ಗುರುತು. ಗೆಳೆಯನ ತಂದೆ ಅದನ್ನು ನೋಡಿ, ‘ಇದು ಈ ಮಾಡೆಲ್ಲಿನ ಕುರುಹು’ ಅಂದರು. ‘ಕುರುಹು’ ಪದವನ್ನು ವರದಿಯಲ್ಲಿ ಹಾಗೇ ಬಳಸಿಕೊಂಡೆ.

‘ಕೂಪೆ’ ಬಗ್ಗೆ ನನಗೆ ತಕರಾರಿಲ್ಲ. ಫ್ರೆಂಚಿನಲ್ಲಿ ‘ಕತ್ತರಿಸಿದ್ದು’ ಅಂತ ಅರ್ಥ. ರೈಲಿನ ಫಸ್ಟ್ ಕ್ಲಾಸಿನಲ್ಲಿ ಇಬ್ಬರು ಕೂರುವ ಕೂಪೆಯೂ ಅದೇ ಪದ. ‘ಕೂಪ್’ ಅಂತ ಬರೆಯುವುದು ಬೇಡ, ಬಾವಿ ನೆನಪಾಗುತ್ತದೆ.

ಇನ್ನೊಂದು ತೊಡಕಿದೆ. ಜರ್ಮನಿಯಲ್ಲಿ ಮೊದಲ ನೋಂದಣಿಯಾಗಿ 30 ವರ್ಷ ದಾಟಿದ, ಹೆಚ್ಚುಕಡಿಮೆ ಮೊದಲಿನ ಸ್ಥಿತಿಯಲ್ಲೇ ಇರುವ ಗಾಡಿಗೆ ನಂಬರ್ ಪ್ಲೇಟಿನ ಕೊನೆಗೆ ‘ಹೆಚ್’ ಅಕ್ಷರ ಸಿಗುತ್ತದೆ. ಇದಕ್ಕೆ ಹುಟ್ಟು ಇಂಜಿನ್ನೇ ಬೇಕೆಂದಿಲ್ಲ, ಆ ಕಾಲಕ್ಕೆ ಒಪ್ಪುವ ಅದೇ ಬಗೆಯದು ಇದ್ದರೂ ನಡೆಯುತ್ತದೆ. ಈ ‘ಒಪ್ಪುವ’ ಭಾಗಕ್ಕೆ ನನ್ನ ಬಳಿ ಒಂದೇ ಪದ ಇಲ್ಲ. ಸದ್ಯಕ್ಕೆ ‘ಕಾಲಕ್ಕೆ ಒಪ್ಪುವ’ ಅಂತಲೇ ಬರೆದಿದ್ದೇನೆ.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಜೊತೆಗೇ ಬಂದದ್ದು, ಕಂಪನಿಯದೇ ಆದರೂ ಆಮೇಲೆ ಹಾಕಿದ್ದು, ಕಾಲಕ್ಕೆ ಒಪ್ಪುವುದು, ಈ ಮೂರನ್ನು ಬೇರೆ ಮಾಡುವ ಪದಗಳು ನಿಮ್ಮ ಊರಿನ ಗ್ಯಾರೇಜು, ಬಡಗಿ, ಅಕ್ಕಸಾಲಿಗರ ಮಾತಿನಲ್ಲಿ ಇವೆಯಾ? ಹಳೆಯ ವೀಣೆ, ಹಾರ್ಮೋನಿಯಂ ರಿಪೇರಿ ಮಾಡುವವರನ್ನು ಬಲ್ಲವರಿದ್ದರೆ ದಯವಿಟ್ಟು ಕೇಳಿ ಹೇಳಿ. ತಂತಿ ಬದಲಾಗಿದೆ, ವೀಣೆಯ ಕೊಡ ಮೊದಲಿನದೇ ಅನ್ನುವುದನ್ನು ಅವರು ಹೇಗೆ ಹೇಳುತ್ತಾರೆ?