ಮೂರು ಕಡೆ ವೈಫೈ ಡಬ್ಬಿ ಇದೆ, ಸಿಗ್ನಲ್ ಫುಲ್ ತೋರಿಸುತ್ತೆ, ಆದರೂ ನೆಟ್ ಬರಲ್ಲ

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರದಲ್ಲಿ ಹಳೇ ಮನೆ. ಪಡಸಾಲೆ, ದೇವರ ಮನೆ, ಅಡುಗೆ ಮನೆ ಎಲ್ಲಾ ಕರಿಕಲ್ಲಿನ ಗೋಡೆ, ಎರಡು ಅಡಿಗಿಂತ ದಪ್ಪ. ಮೇಲೆ ಮಣ್ಣಿನ ಮಾಳಿಗೆ. ಹಿತ್ತಲಿನ ಕಡೆ ಆಮೇಲೆ ಆರ್‌ಸಿಸಿ ಹಾಕಿ ಎರಡು ರೂಮು, ಅದರ ಮೇಲೆ ಇನ್ನೊಂದು ರೂಮು ಕಟ್ಟಿಸಿದೆವು. ನಾನು ಆ ಮೇಲಿನ ರೂಮಿನಲ್ಲಿ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡುತ್ತೇನೆ, ದಿನಕ್ಕೆ ನಾಲ್ಕೈದು ವಿಡಿಯೊ ಕಾಲ್ ಇರುತ್ತವೆ.

ಫೈಬರ್ ಪಡಸಾಲೆಗೆ ಬಂದಿದೆ, 200 ಎಂಬಿಪಿಎಸ್ ಪ್ಲಾನ್. ಕನೆಕ್ಷನ್ ಕೊಟ್ಟವರ ಡಬ್ಬಿ ಅಲ್ಲೇ ಇದೆ. ಅದರ ವೈಫೈ ಅಡುಗೆ ಮನೆ ತನಕವೂ ಬರಲ್ಲ. ಅದಕ್ಕೆ ನಮ್ಮ ಮೈದುನ ಮನೆಯಲ್ಲಿದ್ದ ಹಳೇ ರೌಟರ್ ತೆಗೆದು, ಪಡಸಾಲೆಯಿಂದ ಕೇಬಲ್ ಎಳೆದು, ಅಡುಗೆ ಮನೆಯ ಹೊರಗೆ ಹಾಕಿಕೊಟ್ಟ. ಮೇಲಿನ ರೂಮಿಗೆ ಹೊಸದೊಂದು ತಂದು ರಿಪೀಟರ್ ಮೋಡ್‌ನಲ್ಲಿ ಇಟ್ಟಿದ್ದೇವೆ. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್.

ಈಗ ತೊಂದರೆ ಏನಂದ್ರೆ, ಅಡುಗೆ ಮನೆಯಲ್ಲಿ ಅತ್ತೆಯವರ ಮೊಬೈಲ್‌ನಲ್ಲಿ ಸಿಗ್ನಲ್ ಫುಲ್ ಇರುತ್ತೆ, ಕೆಳಗೆ 'ಇಂಟರ್ನೆಟ್ ಇಲ್ಲ' ಅಂತ ಬರುತ್ತೆ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತೆ, ಒಮ್ಮೊಮ್ಮೆ ಇಲ್ಲ. ಕರೆಂಟ್ ಹೋಗಿ ಬಂದ ಮೇಲಂತೂ ಇಡೀ ಮನೆಗೇ ಇದೇ ಕಥೆ. ಮೇಲಿನ ರೂಮಿನಲ್ಲಿ ನೆಟ್ ಬಂದರೂ 8-10 ಎಂಬಿಪಿಎಸ್ ಅಷ್ಟೇ, ಕಾಲ್‌ನಲ್ಲಿ ನನ್ನ ಧ್ವನಿ ತುಂಡು ತುಂಡಾಗಿ ಕೇಳುತ್ತದಂತೆ. ಪುಣೆಯಲ್ಲಿರುವ ಮಗಳ ಜೊತೆ ಮಾತಾಡುವಾಗ ಕಾಲ್ ಕಟ್ಟಾದರೆ ಅತ್ತೆಯವರು 'ನಾನೇ ಏನೋ ಒತ್ತಿಬಿಟ್ಟೆ' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅದನ್ನು ನೋಡೋಕಾಗಲ್ಲ. ಏನು ಮಾಡಬಹುದು, ಹೇಳಿ.

ಗುಳೇದಗುಡ್ಡ ಖಣ:
ಅಕ್ಕಾ, ಮೂರನ್ನೂ ತೆಗೆದು ಒಂದು ಮೆಶ್ ಸೆಟ್ (ಒಂದೇ ನೆಟ್‌ವರ್ಕ್ ಆಗಿ ಸೇರಿ ಕೆಲಸ ಮಾಡುವ ವೈಫೈ ಡಬ್ಬಿಗಳು) ತಗೊಳ್ಳಿ. ನಮ್ಮ ಮನೆಗೆ ಹೋದ ವರ್ಷ ಹಾಕಿಸಿದೆವು, ಇಲ್ಲಿವರೆಗೆ ಏನೂ ತೊಂದರೆ ಇಲ್ಲ.

ಕ್ರಿಂಪಿಂಗ್ ಕೆಲಸ:
ದುಡ್ಡು ಈಗಲೇ ಹಾಕಬೇಡಿ ಅಕ್ಕಾರೆ. ಮೆಶ್ ಡಬ್ಬಿಗಳೂ ಕೇಬಲ್ ಇಲ್ಲದಿದ್ದರೆ ಗಾಳಿಯಲ್ಲೇ ಮಾತಾಡಿಕೊಳ್ಳಬೇಕು, ಎರಡು ಅಡಿ ಕಲ್ಲು ಅವಕ್ಕೂ ಎರಡು ಅಡಿ ಕಲ್ಲೇ. ನಾನು ಬಾಗಲಕೋಟೆಯಲ್ಲಿ ಕೇಬಲ್, ಸಿಸಿಟಿವಿ ಕೆಲಸ ಮಾಡುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದ ಮೇಲೆ ನವನಗರಕ್ಕೆ ಬಂದವರು ನಾವು. ಇಲ್ಲಿ ಇಟ್ಟಿಗೆ ಗೋಡೆ, ಒಂದು ಡಬ್ಬಿ ಇಟ್ಟರೆ ಎರಡು ರೂಮು ಆರಾಮಾಗಿ ದಾಟುತ್ತದೆ. ಹಳೇ ಊರಿನಲ್ಲಿ ಉಳಿದಿರುವ ಕಲ್ಲಿನ ಮನೆಗೆ ಕೆಲಸಕ್ಕೆ ಹೋದರೆ ಅದೇ ಡಬ್ಬಿ ಒಂದು ಗೋಡೆ ದಾಟಲು ಒದ್ದಾಡುತ್ತದೆ, 5 ಗಿಗಾಹರ್ಟ್ಸ್ ಅಂತೂ ಬಾಗಿಲಾಚೆ ಸಿಗೋದೇ ಇಲ್ಲ.

ಆದರೆ ನಿಮ್ಮದು ಗೋಡೆಯ ಸಮಸ್ಯೆ ಮಾತ್ರ ಅಲ್ಲ ಅನಿಸುತ್ತೆ. ಸಿಗ್ನಲ್ ಫುಲ್ ಇದ್ದು ನೆಟ್ ಇಲ್ಲ ಅಂದರೆ ಫೋನಿನಿಂದ ಡಬ್ಬಿ ತನಕ ದಾರಿ ಸರಿಯಾಗಿದೆ, ಅಲ್ಲಿಂದ ಮುಂದೆ ತಪ್ಪಿದೆ. ಎರಡು ವಿಷಯ ನೋಡಿ ಹೇಳಿ. ಹಳೇ ರೌಟರ್‌ಗೆ ಕೇಬಲ್ ಯಾವ ಪೋರ್ಟಿಗೆ ಹೋಗಿದೆ, ಬೇರೆ ಬಣ್ಣದ ಒಂಟಿ ಪೋರ್ಟಿಗಾ ಅಥವಾ ಒಂದೇ ಬಣ್ಣದ ನಾಲ್ಕರಲ್ಲಿ ಒಂದಕ್ಕಾ? ಮತ್ತೆ ಅತ್ತೆಯವರ ಫೋನಿನಲ್ಲಿ ನೆಟ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ, ವೈಫೈ ಹೆಸರಿನ ಮೇಲೆ ಒತ್ತಿ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಫೋನಿನ ನಂಬರ್) ಮತ್ತು ಗೇಟ್‌ವೇ (ಹೊರಗೆ ಹೋಗಲು ಫೋನ್ ಹಿಡಿಯುವ ಡಬ್ಬಿಯ ನಂಬರ್) ಬರೆದುಕೊಳ್ಳಿ.

ಹಿತ್ತಲಮನೆ:
ನೋಡಿದೆ ಅಣ್ಣಾ. ಕೇಬಲ್ ಹಳದಿ ಬಣ್ಣದ ನಾಲ್ಕರಲ್ಲಿ ಒಂದಕ್ಕಿದೆ. ನೀಲಿ ಪೋರ್ಟ್ ಖಾಲಿ ಇದೆ.
ನೆಟ್ ಇದ್ದಾಗ ಐಪಿ 192.168.1.34, ಗೇಟ್‌ವೇ 192.168.1.1.
ನೆಟ್ ಇಲ್ಲದಾಗ ಐಪಿ 192.168.0.103, ಗೇಟ್‌ವೇ 192.168.0.1.

ಕ್ರಿಂಪಿಂಗ್ ಕೆಲಸ:
ಸಿಕ್ಕಿತು. ಮನೆಯಲ್ಲಿ ಇಬ್ಬರು ವಿಳಾಸ ಹಂಚುತ್ತಿದ್ದಾರೆ. ಪಡಸಾಲೆಯ ಡಬ್ಬಿ 1.1, ಅದು ನಿಜವಾಗಿ ಹೊರಗೆ ದಾರಿ ಬಲ್ಲದ್ದು. ಹಳೇ ರೌಟರ್ 0.1, ಅದರ ನೀಲಿ ಪೋರ್ಟ್ ಖಾಲಿ, ಹೊರಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ, ಆದರೂ ಕೇಳಿದವರಿಗೆಲ್ಲ 'ನನ್ನ ಮೂಲಕ ಹೋಗಿ' ಅನ್ನುತ್ತಿದೆ. ಈ ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಸಾಮಾನ್ಯವಾಗಿ ಫೋನ್ ಯಾರು ಮೊದಲು ಉತ್ತರ ಕೊಟ್ಟರೋ ಅವರ ಮಾತು ಕೇಳುತ್ತದೆ. ಅಡುಗೆ ಮನೆಯಲ್ಲಿ ಹಳೇ ರೌಟರ್ ಪಕ್ಕದಲ್ಲೇ ಇದೆ, ಅದೇ ಮೊದಲು ಉತ್ತರ ಕೊಡೋದು ಜಾಸ್ತಿ. ಕರೆಂಟ್ ಬಂದಾಗ ಇಡೀ ಮನೆಗೆ ಯಾಕೆ ಹೋಗುತ್ತೆ ಅಂದರೆ, ಫೈಬರ್ ಡಬ್ಬಿ ಪೂರ್ತಿ ಶುರುವಾಗಲು ಎರಡು ಮೂರು ನಿಮಿಷ ಬೇಕು, ಹಳೇ ರೌಟರ್ ಅದಕ್ಕಿಂತ ಮೊದಲೇ ತಯಾರಾಗಿರುತ್ತೆ. ಅಷ್ಟರಲ್ಲಿ ಅದರ ವೈಫೈ ಹಿಡಿದ ಫೋನುಗಳಿಗೆಲ್ಲ ತಪ್ಪು ವಿಳಾಸ. ನಿಮ್ಮ ಅತ್ತೆಯವರಿಗೆ ಹೇಳಿ, ಅವರು ಒತ್ತಿದ್ದರಲ್ಲಿ ಏನೂ ತಪ್ಪಿಲ್ಲ.

ಹಳೇ ರೌಟರ್‌ಗೆ ಲ್ಯಾಪ್‌ಟಾಪ್ ಅನ್ನು ಕೇಬಲ್ ಹಾಕಿ ಜೋಡಿಸಿ. ಪಡಸಾಲೆಯ ಕೇಬಲ್ ಆಗ ತೆಗೆದಿಡಿ. ಬ್ರೌಸರ್‌ನಲ್ಲಿ 192.168.0.1 ತೆರೆಯಿರಿ. 'ಆಕ್ಸೆಸ್ ಪಾಯಿಂಟ್ ಮೋಡ್' (ವಿಳಾಸ ಹಂಚದೆ, ಕೇಬಲ್‌ನಲ್ಲಿ ಬಂದ ನೆಟ್ ಅನ್ನು ಬರೀ ವೈಫೈ ಮಾಡಿ ಕೊಡೋದು) ಅಂತ ಇದ್ದರೆ ಅದನ್ನು ಆರಿಸಿದರೆ ಸಾಕು. ಹಳೇದರಲ್ಲಿ ಇರಲಿಕ್ಕಿಲ್ಲ. ಇಲ್ಲದಿದ್ದರೆ ಮೊದಲು ಡಿಎಚ್‌ಸಿಪಿ ಆಫ್ ಮಾಡಿ, ಆಮೇಲೆ ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್‌ನ) ವಿಳಾಸವನ್ನು 192.168.1.2 ಅಂತ ಬದಲಿಸಿ. ಪಡಸಾಲೆಯ ಡಬ್ಬಿಯಲ್ಲಿ ಹಂಚುವ ವಿಳಾಸ 192.168.1.20ರಿಂದ ಶುರುವಾಗುವಂತೆ ಇಡಿ, ಆಗ 1.2 ಬೇರೆ ಯಾರಿಗೂ ಹೋಗಲ್ಲ. ಕೇಬಲ್ ಮತ್ತೆ ಅದೇ ಹಳದಿ ಪೋರ್ಟಿಗೆ. ಮೈದುನ ಪೋರ್ಟ್ ಸರಿಯಾಗೇ ಆರಿಸಿದ್ದಾನೆ, ಡಿಎಚ್‌ಸಿಪಿ ಒಂದು ಬಿಟ್ಟುಹೋಗಿದೆ ಅಷ್ಟೇ.

ಮೇಲಿನ ರೂಮಿನದ್ದು ಬೇರೆ ವಿಷಯ. ರಿಪೀಟರ್ ಗಾಳಿಯಿಂದ ತೆಗೆದುಕೊಂಡು ಗಾಳಿಗೇ ಕೊಡುತ್ತದೆ. ಎರಡಕ್ಕೂ ಒಂದೇ ರೇಡಿಯೊ ಬಳಸಿದರೆ ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತೆ. ಅದಕ್ಕೆ ಸಿಗುತ್ತಿರುವುದೇ ಸೋತ ಸಿಗ್ನಲ್, ಅದರಲ್ಲಿ ಅರ್ಧ ಅಂದರೆ ಎಷ್ಟು ಉಳಿದೀತು? ಅಲ್ಲಿಗೂ ಕೇಬಲ್ ಎಳೆಸಿ. ಕ್ಯಾಟ್ 5ಇ ಸಾಕು, 100 ಮೀಟರ್ ತನಕ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಹೋಗುತ್ತದೆ. ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದೂ ಅಂಗಡಿಯಲ್ಲಿ ಸಿಗುತ್ತೆ, ಅದು ಬೇಡ. ಹೊರಗೋಡೆಯ ಮೇಲೆ ಹೋಗುವ ಕಡೆ ಪಿವಿಸಿ ಪೈಪಿನೊಳಗೆ ಹಾಕಿಸಿ, ನಮ್ಮ ಕಡೆಯ ಬಿಸಿಲಿಗೆ ಬರೀ ಕೇಬಲ್‌ನ ಮೇಲಿನ ಸಿಪ್ಪೆ ಬಿರುಕು ಬಿಡುತ್ತದೆ. ಇದೊಂದು ಮರೆಯಬೇಡಿ: ಕೇಬಲ್ ಹಾಕುವ ಮೊದಲು ಮೇಲಿನ ಡಬ್ಬಿಯ ರಿಪೀಟರ್ ಮೋಡ್ ತೆಗೆದು ಆಕ್ಸೆಸ್ ಪಾಯಿಂಟ್ ಮಾಡಿ, ವಿಳಾಸ 192.168.1.3 ಕೊಡಿ. ಗಾಳಿಯಲ್ಲೂ ಕೇಬಲ್‌ನಲ್ಲೂ ಎರಡೂ ದಾರಿ ತೆರೆದಿದ್ದರೆ ಡೇಟಾ ಸುತ್ತು ಹಾಕುತ್ತಲೇ ಇರುತ್ತೆ, ಇಡೀ ಮನೆಯ ನೆಟ್ ನಿಂತುಹೋಗುತ್ತೆ.

ಟಿಳಕವಾಡಿ ಮಳೆ:
ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಬೆಳಗಾವಿಯಿಂದ, ಒಂದೆರಡು ಮಾತು ಸೇರಿಸುತ್ತೇನೆ. 2.4 ಗಿಗಾಹರ್ಟ್ಸ್‌ನಲ್ಲಿ ಮೂರು ಡಬ್ಬಿಗೂ ಬೇರೆ ಬೇರೆ ಚಾನೆಲ್ ಕೊಡಿ, 1, 6, 11. ಇವು ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ, 40 ಮಾಡಿದರೆ ಪಕ್ಕದ್ದಕ್ಕೆ ತಾಗುತ್ತೆ. ಹೆಸರು, ಪಾಸ್‌ವರ್ಡ್ ಜೊತೆ ಭದ್ರತೆಯ ಬಗೆಯೂ ಮೂರರಲ್ಲಿ ಒಂದೇ ಇರಬೇಕು, ಎಲ್ಲದರಲ್ಲೂ ಡಬ್ಲ್ಯುಪಿಎ2 ಇಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಯಾವ ಡಬ್ಬಿಗೆ ಹಿಡಿದುಕೊಳ್ಳಬೇಕು ಅಂತ ತೀರ್ಮಾನಿಸೋದು ಡಬ್ಬಿ ಅಲ್ಲ, ಫೋನು ಅಥವಾ ಲ್ಯಾಪ್‌ಟಾಪ್. ನೀವು ಕೆಳಗೆ ಚಹಾ ಕುಡಿದು ಮೇಲೆ ಹೋದರೂ ಲ್ಯಾಪ್‌ಟಾಪ್ ಕೆಳಗಿನ ಡಬ್ಬಿಯನ್ನೇ ಹಿಡಿದುಕೊಂಡು ಕೂರಬಹುದು, ಸಿಗ್ನಲ್ ಪೂರ್ತಿ ಸಾಯುವ ತನಕ ಬಿಡಲ್ಲ. ಅದಕ್ಕೆ ಕೆಳಗಿನ ಡಬ್ಬಿಯ ಪವರ್ ಸ್ವಲ್ಪ ಕಡಿಮೆ ಮಾಡಿ. ಕೇಳೋಕೆ ವಿಚಿತ್ರ ಅನಿಸುತ್ತೆ, ಆದರೆ ಕೆಲಸ ಮಾಡುತ್ತೆ. ಕಲ್ಲಿನ ಗೋಡೆ ಇಲ್ಲಿ ನಿಮ್ಮ ಪರವಾಗಿದೆ, ಪಡಸಾಲೆಯ ಸಿಗ್ನಲ್ ಹಿತ್ತಲಿಗೆ ಬಂದು ಗಲಾಟೆ ಮಾಡಲ್ಲ.

ಕರೆಂಟ್ ಹೋಗುವ ಕಡೆ ಫೈಬರ್ ಡಬ್ಬಿಗೆ ಒಂದು ಚಿಕ್ಕ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದೆಯಾ ಅಂತ ನೋಡಿಯೇ ತಗೊಳ್ಳಿ.

ಹಿತ್ತಲಮನೆ:
ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ಭಾನುವಾರ ಮೈದುನನ ಜೊತೆ ಕೂತು ಎಲ್ಲಾ ಮಾಡಿದೆವು. ಡಿಎಚ್‌ಸಿಪಿ ಆಫ್ ಮಾಡಿದ ದಿನದಿಂದ ಅಡುಗೆ ಮನೆಯಲ್ಲಿ ಒಮ್ಮೆಯೂ 'ಇಂಟರ್ನೆಟ್ ಇಲ್ಲ' ಅಂತ ಬಂದಿಲ್ಲ. ಎರಡು ಸಲ ಕರೆಂಟ್ ಹೋಗಿ ಬಂತು, ಆಗಲೂ ಇಲ್ಲ. ನಿನ್ನೆ ಅತ್ತೆಯವರು ರೊಟ್ಟಿ ಬಡಿಯುತ್ತಲೇ ಮಗಳ ಜೊತೆ 40 ನಿಮಿಷ ಮಾತಾಡಿದರು. ಮೇಲಿನ ರೂಮಿಗೂ ಹಳೇ ರೌಟರ್‌ನಿಂದ ಕೇಬಲ್ ಬಂತು, ಕಾಲ್ ಸ್ವಚ್ಛ. ಒಂದೇ ಅನುಮಾನ ಉಳಿದಿದೆ. ಪಡಸಾಲೆಯಲ್ಲಿ 190 ಬರುತ್ತೆ, ಮೇಲೆ 94ರ ಮೇಲೆ ಹೋಗೋದೇ ಇಲ್ಲ. ಕೇಬಲ್ ಕೆಟ್ಟಿದೆಯಾ?

ಕ್ರಿಂಪಿಂಗ್ ಕೆಲಸ:
94ರ ಹತ್ತಿರ ಗೋಡೆ ಕಟ್ಟಿದಂತೆ ನಿಂತರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಲಿಂಕ್ ಇದೆ ಅಂತ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ಎಳೆ ಬೇಕು, 100ಕ್ಕೆ ನಾಲ್ಕೇ ಸಾಕು. ಒಂದೋ ಕ್ರಿಂಪ್ ಮಾಡುವಾಗ (ಕೇಬಲ್ ತುದಿಗೆ ಪಿನ್ ಒತ್ತಿ ಕೂರಿಸುವಾಗ) ಒಂದು ಎಳೆ ಕೂತಿಲ್ಲ, ಇಲ್ಲಾ ಹಳೇ ರೌಟರ್‌ನ ಪೋರ್ಟುಗಳೇ 100ರವು. ಎರಡೂ ಕೇಬಲ್‌ಗಳ ತುದಿಯನ್ನು ಹಳೇ ರೌಟರ್‌ನಿಂದ ತೆಗೆದು ಒಂದು ಗಿಗಾಬಿಟ್ ಸ್ವಿಚ್‌ಗೆ (ನೆಟ್ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬಿ) ಹಾಕಿ ನೋಡಿ. ಆಗ 190 ಬಂದರೆ ಕೇಬಲ್ ಚೆನ್ನಾಗಿದೆ. ರೌಟರ್ ಅನ್ನು ಅದೇ ಸ್ವಿಚ್‌ನ ಇನ್ನೊಂದು ಪೋರ್ಟಿಗೆ ಹಾಕಿದರೆ ಆಯಿತು.

ಹಿತ್ತಲಮನೆ:
ಮೈದುನ ಅವನ ಗೆಳೆಯನ ಹತ್ತಿರ ಸ್ವಿಚ್ ತಂದು ಹಾಕಿ ನೋಡಿದ, ಮೇಲೆ 188 ಬಂತು. ಕೇಬಲ್ ಸರಿ ಇದೆ, ರೌಟರ್ ಪೋರ್ಟೇ 100ರದ್ದು. ಸ್ವಿಚ್ ವಾಪಸ್ ಕೊಟ್ಟೆವು, ನನ್ನ ಕೆಲಸಕ್ಕೆ 94 ಧಾರಾಳ, ಸದ್ಯಕ್ಕೆ ಹೀಗೇ ಇರಲಿ. ಮೂರೂ ಡಬ್ಬಿಯ ವಿಳಾಸ, 1.1, 1.2, 1.3, ಒಂದು ಚೀಟಿಯಲ್ಲಿ ಬರೆದು ಪಡಸಾಲೆಯ ಗೂಡಿನೊಳಗೆ ಅಂಟಿಸಿದ್ದೇನೆ.