ತಮ್ಮನಿಗೆ ಶಾರ್ಜಾದಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ವಿಸಿಟ್ ವೀಸಾದಲ್ಲಿ ಕಳಿಸ್ತೀವಿ ಅಂತಿದ್ದಾರೆ. ದುಡ್ಡು ಕಟ್ಟೋಕೆ ಮುಂಚೆ ಏನೇನು ನೋಡಬೇಕು?

ಚಿಂತಾಮಣಿ_ಕ್ರಾಸ್:

ತಮ್ಮನಿಗೆ 24 ವರ್ಷ. ಎಸ್ಸೆಸ್ಸೆಲ್ಸಿ ಪಾಸ್, ಆಮೇಲೆ ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್. ಬೆಂಗಳೂರಿನ ಒಂದು ಆಫೀಸಿನ ಪರವಾಗಿ ಪಕ್ಕದೂರಿನವರೊಬ್ಬರು ಓಡಾಡ್ತಿದ್ದಾರೆ. ತಿಂಗಳಿಗೆ 1,200 ದಿರ್ಹಂ, ರೂಮು ಕಂಪನಿಯದು, ಊಟ ನಮ್ಮದು. ವಾಟ್ಸಾಪಲ್ಲಿ ಬಂದಿರೋ ಆಫರ್ ಲೆಟರಲ್ಲಿ ಬೇಸಿಕ್ 600, ಇತರೆ ಭತ್ಯೆ 600 ಅಂತಿದೆ. ಒಟ್ಟು 1,10,000 ರೂಪಾಯಿ ಕೇಳ್ತಿದ್ದಾರೆ, ಅದರಲ್ಲಿ 40,000 ಈ ವಾರವೇ ಬೇಕಂತೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗ್ಲಿ, ಕೆಲಸದ ವೀಸಾ ಅಲ್ಲೇ ಮಾಡಿಸ್ತೀವಿ ಅಂತಾರೆ.

ಪಾಸ್‌ಪೋರ್ಟ್ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗೋ ಮುಂಚೆ ಸರ್ಕಾರದ ಅನುಮತಿ ಬೇಕು ಅನ್ನೋ ಮುದ್ರೆ), ಸರ್‌ನೇಮ್ ಜಾಗ ಖಾಲಿ ಇದೆ. ಹೈಸ್ಕೂಲಲ್ಲಿದ್ದಾಗ ಟಿಬಿ ಆಗಿತ್ತು, ಆರು ತಿಂಗಳು ಮಾತ್ರೆ ತಗೊಂಡು ವಾಸಿಯಾಗಿದೆ. ದುಡ್ಡಿಗೆ ಕೈಸಾಲವೇ ಗತಿ, ಮೂರು ರೂಪಾಯಿ ಬಡ್ಡಿ. ತಿಳಿದವರು ಹೇಳಿ.

ಬಂಗಾರಪೇಟೆ_ಜಂಕ್ಷನ್:

40,000 ಕೊಡಬೇಡಿ. ಮೊದಲು ಆ ಬೆಂಗಳೂರು ಆಫೀಸಿನ ಲೈಸೆನ್ಸ್ ನಂಬರ್ ಕೇಳಿ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅದರಲ್ಲಿ ಹೆಸರು, ವಿಳಾಸ, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಸಿಗುತ್ತೆ. ಪಕ್ಕದೂರಿನವರು ಸಬ್-ಏಜೆಂಟ್, ಅವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅವರ ಕೈಗೆ ಕೊಟ್ಟ ದುಡ್ಡನ್ನ ನಾಳೆ ಆಫೀಸಿನವರು ನಮಗೆ ಬಂದೇ ಇಲ್ಲ ಅಂತಾರೆ. ಲೈಸೆನ್ಸ್ ಇರೋ ಏಜೆಂಟ್ ಕೂಡ ಸೇವಾ ಶುಲ್ಕ ಅಂತ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಅಂದರೆ 35,400ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಅದಕ್ಕೂ ರಸೀದಿ ಕೊಡಬೇಕು. ಇನ್ನು ಯುಎಇ ಕಾನೂನಿನ ಪ್ರಕಾರ ನೇಮಕಾತಿ ಮತ್ತು ವೀಸಾ ಖರ್ಚು ಮಾಲೀಕನದು. ಹಾಗಿದ್ರೆ 1,10,000 ಯಾವ ಲೆಕ್ಕಕ್ಕೆ ಅಂತ ಬಾಯಿಬಿಟ್ಟು ಕೇಳಿ.

ವಿಸಿಟ್ ವೀಸಾ ವಿಷಯ. ಒಳಗಿದ್ದೇ ವಿಸಿಟ್‌ನಿಂದ ಕೆಲಸದ ವೀಸಾಗೆ ಬದಲಾಯಿಸೋಕೆ ಅಲ್ಲಿ ಅವಕಾಶ ಇದೆ, ಅಷ್ಟರ ಮಟ್ಟಿಗೆ ಅವರು ಹೇಳೋದು ಸುಳ್ಳಲ್ಲ. ಆದ್ರೆ ಬದಲಾಗೋ ತನಕ ಕೆಲಸ ಮಾಡಿದ ಒಂದೊಂದು ದಿನವೂ ಅಕ್ರಮ. ಪರ್ಮಿಟ್ ಇಲ್ಲದವರನ್ನ ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ಇದೆ. ತಪಾಸಣೆ ಅಂದ್ರೆ ಸಾಕು, ಇಂಥ ಹುಡುಗರನ್ನೇ ಮೊದಲು ಹೊರಗೆ ಹಾಕೋದು. ವಿಸಿಟ್ ಅವಧಿ ಮುಗಿದ್ರೆ ದಿನಕ್ಕೆ 50 ದಿರ್ಹಂ ಅವನ ತಲೆ ಮೇಲೆ. 24 ದಿನಕ್ಕೇ 1,200, ಅಂದರೆ ಒಂದು ತಿಂಗಳ ಪೂರ್ತಿ ಸಂಬಳ. ಕರಾರು ನೋಂದಣಿ ಆಗಿರೋದಿಲ್ಲ, ಹಾಗಾಗಿ ಸಂಬಳ ಕೊಡದಿದ್ದರೆ ದೂರು ಕೊಡೋಕೂ ಕೈಯಲ್ಲಿ ಏನೂ ಇರಲ್ಲ.

ಸರಿಯಾದ ಕ್ರಮ ಹೀಗೆ. ಮಾಲೀಕ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ವ್ಯವಸ್ಥೆಯಿಂದ ಆಫರ್ ತೆಗೀತಾನೆ. ಅದರ ಮೇಲೆ ಬಾರ್‌ಕೋಡ್, ಟ್ರಾನ್ಸಾಕ್ಷನ್ ನಂಬರ್ ಇರುತ್ತೆ, ಆ ನಂಬರ್ ಹಾಕಿ ಸಚಿವಾಲಯದ ಸೈಟಲ್ಲಿ ನೀವೇ ನೋಡಬಹುದು. ತಮ್ಮ ಸಹಿ ಹಾಕಿದ ಮೇಲೆ ವರ್ಕ್ ಪರ್ಮಿಟ್, ಆಮೇಲೆ ಎಂಟ್ರಿ ಪರ್ಮಿಟ್, ಅದಾದ ಮೇಲೆ ವಿಮಾನ. ಇಳಿದ ನಂತರ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ. ಕಂಪನಿ ಲೆಟರ್‌ಹೆಡ್ಡಲ್ಲಿ ಟೈಪ್ ಮಾಡಿ ಸೀಲ್ ಹೊಡೆದ ಹಾಳೆ ಆಫರ್ ಲೆಟರ್ ಅಲ್ಲ. ಸಚಿವಾಲಯದ ಆಫರ್ ಅರೇಬಿಕ್, ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯಲ್ಲೂ ಸಿಗುತ್ತೆ. ಆ ಪಟ್ಟಿಯಲ್ಲಿ ಹಿಂದಿ, ತಮಿಳು, ಮಲಯಾಳಂ ಇವೆ, ಕನ್ನಡ ಇಲ್ಲ. ಕೆಜಿಎಫ್ ಕಡೆ ತಮಿಳು ಓದೋ ಗೆಳೆಯರಿದ್ರೆ ಅದನ್ನ ತರಿಸಿ ಓದಿಸಿ.

ನರಸಾಪುರ_ಸೆಕೆಂಡ್_ಶಿಫ್ಟ್:

ಮೇಲಿನವರು ಹೇಳಿದ್ದು ಸರಿ. ನಾನು ಸಂಬಳದ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ವೀಸಾ ನೆಟ್ಟಗಿದ್ದರೂ ಈ ಆಫರ್ ಚೆನ್ನಾಗಿಲ್ಲ.

1,200 ಅನ್ನೋ ಅಂಕಿ ಮರೆತುಬಿಡಿ. ಬೇಸಿಕ್ 600 ಅನ್ನೋದನ್ನ ನೋಡಿ. ಅಲ್ಲಿ ಓವರ್‌ಟೈಮು, ಗ್ರಾಚ್ಯುಟಿ (ಕೆಲಸ ಬಿಡುವಾಗ ಬರೋ ಇಡುಗಂಟು) ಎರಡೂ ಬೇಸಿಕ್ ಮೇಲೆ. ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. 600ಕ್ಕೆ ದಿನಕ್ಕೆ 20, ವರ್ಷಕ್ಕೆ 420. ಎರಡು ವರ್ಷ ದುಡಿದು ಬರೋವಾಗ 840 ದಿರ್ಹಂ. ಅದೇ 1,200ನ್ನ 1,000 ಬೇಸಿಕ್, 200 ಭತ್ಯೆ ಅಂತ ಬರೆದಿದ್ರೆ 1,400 ಬರ್ತಿತ್ತು. ಓವರ್‌ಟೈಮ್ ಇನ್ನೂ ನೋವು ಕೊಡುತ್ತೆ. 600ನ್ನ 30 ದಿನ, 8 ಗಂಟೆಗೆ ಭಾಗಿಸಿದ್ರೆ ಗಂಟೆಗೆ 2.50, ಅದರ ಮೇಲೆ ಕಾಲು ಪಾಲು ಸೇರಿಸಿದ್ರೆ 3.12. ದಿನಾ ಎರಡು ಗಂಟೆ, 26 ದಿನ ಮಾಡಿದ್ರೂ 162 ದಿರ್ಹಂ. ಬೇಸಿಕ್ 1,000 ಆಗಿದ್ರೆ 270. ಕಂಪನಿಗಳು ಭತ್ಯೆಯನ್ನ ಉಬ್ಬಿಸೋದು ಇದಕ್ಕೇ. ರಾತ್ರಿ 10ರಿಂದ ಬೆಳಗಿನ 4ರ ಒಳಗೆ ಮಾಡಿದ ಓವರ್‌ಟೈಮಿಗೆ ಅರ್ಧ ಪಾಲು ಹೆಚ್ಚು, ಶಿಫ್ಟ್‌ನವರಿಗೆ ಮಾತ್ರ ಇದು ಅನ್ವಯಿಸಲ್ಲ.

ಈಗ ಕೈಗೆಷ್ಟು ಉಳಿಯುತ್ತೆ ನೋಡಿ. ಊಟಕ್ಕೆ 400, ಫೋನು ಸಾಬೂನು ಕ್ಷೌರ ಅಂತ 100 ತೆಗೆದ್ರೆ 700. ದಿರ್ಹಂಗೆ 23 ರೂಪಾಯಿ ಅಂತ ಇಟ್ಟುಕೊಂಡ್ರೆ 16,100. ಮೂರು ರೂಪಾಯಿ ಬಡ್ಡಿಗೆ 1,10,000ಕ್ಕೆ ತಿಂಗಳಿಗೆ 3,300 ಬರೀ ಬಡ್ಡಿ. ಉಳಿದಿದ್ದು 12,800, ಅದರಲ್ಲೇ ಅಸಲೂ ತೀರಬೇಕು. ಪೂರ್ತಿ ಅದಕ್ಕೇ ಹಾಕಿದ್ರೂ ಎಂಟು ತಿಂಗಳಿಗೆ ಕಮ್ಮಿ ಇಲ್ಲ, ಅಲ್ಲಿವರೆಗೆ ಮನೆಗೆ ಒಂದು ರೂಪಾಯಿ ಬರಲ್ಲ. ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ಐಟಿಐ ಹುಡುಗರಿಗೆ ಈಗ ಏನು ಕೊಡ್ತಿದ್ದಾರೆ ಅಂತ ವಿಚಾರಿಸಿ, ಪಿಎಫ್ ಸೇರಿಸಿ ಪಕ್ಕಪಕ್ಕ ಇಟ್ಟು ನೋಡಿ. ದುಡ್ಡು ಬೇಕೇ ಬೇಕು ಅಂದ್ರೆ ಕೈಸಾಲಕ್ಕಿಂತ ಬ್ಯಾಂಕಲ್ಲಿ ಒಡವೆ ಇಡೋದು ವಾಸಿ.

ಕರಾರಿನಲ್ಲಿ ಇನ್ನೆರಡು ಸಾಲು ನೋಡಿ. ಪ್ರೊಬೇಷನ್ ಆರು ತಿಂಗಳು ಮೀರಬಾರದು, ಆ ಅವಧಿಯಲ್ಲಿ ತೆಗೆದುಹಾಕೋಕೂ 14 ದಿನದ ಲಿಖಿತ ನೋಟಿಸ್ ಬೇಕು. ಹುದ್ದೆಯ ಜಾಗದಲ್ಲಿ ಎಲೆಕ್ಟ್ರಿಷಿಯನ್ ಅಂತಲೇ ಇದೆಯೋ, ಹೆಲ್ಪರ್ ಅಂತ ಇದೆಯೋ ನೋಡಿ.

ಎಸ್‌ಎನ್‌ಆರ್_ಗೇಟ್:

ಎಲ್ಲರೂ ಟಿಬಿ ಅನ್ನೋ ಸಾಲು ದಾಟಿ ಹೋಗಿದ್ದೀರಿ. ನನ್ನ ಪ್ರಕಾರ ಇಲ್ಲಿ ಮೊದಲು ನೋಡಬೇಕಾದ್ದು ಅದನ್ನೇ.

ಯುಎಇಯಲ್ಲಿ ಇಳಿದ ಮೇಲೆ ರಕ್ತ ಪರೀಕ್ಷೆ, ಎದೆ ಎಕ್ಸ್‌ರೇ ಕಡ್ಡಾಯ. ಸೌದಿ, ಕುವೈತ್ ಕಡೆಗಾದ್ರೆ ಹೊರಡೋ ಮುಂಚೆಯೇ ವಾಫಿದ್ ಅನ್ನೋ ಗಲ್ಫ್ ದೇಶಗಳ ಮೆಡಿಕಲ್ ವ್ಯವಸ್ಥೆ ಮೂಲಕ ಪರೀಕ್ಷೆ ಆಗುತ್ತೆ, ಹಳಬರು ಇನ್ನೂ ಗಾಮ್ಕಾ ಅಂತಾರೆ. ಟಿಬಿ ವಾಸಿಯಾಗಿದ್ರೂ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಗೆರೆ, ಚುಕ್ಕಿ ಉಳಿದಿರಬಹುದು. ಹೊಸದಾಗಿ ಬರೋ ಕೆಲಸಗಾರರ ಎಕ್ಸ್‌ರೇಯಲ್ಲಿ ಆ ಗುರುತು ಕಂಡ್ರೆ ಅನ್‌ಫಿಟ್ ಅಂತ ಬರೆಯೋ ಸಾಧ್ಯತೆ ಹೆಚ್ಚು. ಕಫ ಪರೀಕ್ಷೆ ನೆಗೆಟಿವ್ ಇದೆ, ಚಿಕಿತ್ಸೆ ಮುಗಿದ ಚೀಟಿ ಇದೆ ಅಂದ್ರೂ ಎಕ್ಸ್‌ರೇಯಲ್ಲಿ ಕಂಡಿದ್ದು ಅಳಿಸಿಹೋಗಲ್ಲ. ಅಲ್ಲಿ ಹೋದ ಮೇಲೆ ಅನ್‌ಫಿಟ್ ಆದ್ರೆ ವಾಪಸ್ ಕಳಿಸ್ತಾರೆ, ಏಜೆಂಟ್ ಒಂದು ಪೈಸೆ ಹಿಂದಿರುಗಿಸಲ್ಲ.

ಹಾಗಾಗಿ ಯಾರಿಗೂ ದುಡ್ಡು ಕಟ್ಟೋ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲೋ ಕೋಲಾರದ ಎಸ್‌ಎನ್‌ಆರ್‌ನಲ್ಲೋ ಎದೆಯ ಪಿಎ ವ್ಯೂ ಎಕ್ಸ್‌ರೇ ತೆಗೆಸಿ ಶ್ವಾಸಕೋಶದ ಡಾಕ್ಟರಿಗೆ ತೋರಿಸಿ. "ಕಾಯಿಲೆ ಇದೆಯಾ" ಅಂತ ಕೇಳಬೇಡಿ, "ಹಳೇ ಗಾಯದ ಗುರುತು ಕಾಣ್ತಿದೆಯಾ" ಅಂತ ಕೇಳಿ. ಎರಡಕ್ಕೂ ಉತ್ತರ ಬೇರೆ ಇರುತ್ತೆ. ಗುರುತು ಇದ್ರೆ ಗಲ್ಫ್ ವಿಚಾರ ಅಲ್ಲಿಗೇ ಬಿಡಿ. ಮೆಡಿಕಲ್ "ಸೆಟ್" ಮಾಡಿಸ್ತೀನಿ ಅನ್ನೋರು ಸಿಕ್ತಾರೆ, ಅಲ್ಲಿನ ಎಕ್ಸ್‌ರೇನ ಇಲ್ಲಿಂದ ಯಾರೂ ಸೆಟ್ ಮಾಡೋಕಾಗಲ್ಲ.

ಎಕ್ಸ್‌ರೇ ಸ್ವಚ್ಛ ಇದ್ರೆ ಪಾಸ್‌ಪೋರ್ಟ್ ಕಡೆ ಬನ್ನಿ. ಹತ್ತನೇ ತರಗತಿ ಪಾಸಾದವರಿಗೆ ಇಸಿಆರ್ ಬೇಕಿಲ್ಲ, ಅರ್ಜಿ ಹಾಕುವಾಗ ಮಾರ್ಕ್ಸ್ ಕಾರ್ಡ್ ಕೊಟ್ಟಿಲ್ಲ ಅಷ್ಟೆ. ರೀಇಶ್ಯೂ ಅರ್ಜಿಯಲ್ಲಿ ಇಸಿಆರ್ ತೆಗೆಯಿರಿ ಅಂತ ಆಯ್ಕೆ ಮಾಡಿ. 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500. ಅದೇ ಅರ್ಜಿಯಲ್ಲಿ ಹೆಸರನ್ನೂ ಸರಿಪಡಿಸಿ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಳ್ಳೋದೇ ರೂಢಿ, ಮನೆತನದ ಹೆಸರು ಇರಲ್ಲ, ಅದಕ್ಕೇ ಸರ್‌ನೇಮ್ ಖಾಲಿ ಬಿಟ್ಟಿರ್ತಾರೆ. 2022ರ ನವೆಂಬರ್‌ನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ವಿಷಯದಲ್ಲಿ ತಕರಾರು ತೆಗೀತಿದೆ. ಇನಿಷಿಯಲ್ ಬಿಡಿಸಿ ತಂದೆ ಹೆಸರನ್ನೋ ಊರ ಹೆಸರನ್ನೋ ಸರ್‌ನೇಮ್ ಜಾಗಕ್ಕೆ ಹಾಕಿಸಿ, ಆಧಾರ್‌ನಲ್ಲಿ ಮೊದಲೇ ಹಾಗೇ ಮಾಡಿಸಿಕೊಳ್ಳಿ. ಎರಡರಲ್ಲಿ ಎರಡು ಥರ ಇದ್ರೆ ಪೊಲೀಸ್ ವೆರಿಫಿಕೇಷನ್ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಬಂಗಾರಪೇಟೆ_ಜಂಕ್ಷನ್:

ಇಸಿಆರ್ ತೆಗೆಸೋದರ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇಸಿಆರ್ ಇದ್ರೆ ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಕರಾರು ಇ-ಮೈಗ್ರೇಟ್‌ನಲ್ಲಿ ದಾಖಲಾಗುತ್ತೆ, ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ ಆಗುತ್ತೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಈ ಏಜೆಂಟ್ ವಿಸಿಟ್ ವೀಸಾ ಅಂತಿರೋದು ಈ ಕ್ಲಿಯರೆನ್ಸ್ ತಪ್ಪಿಸಿಕೊಳ್ಳೋಕೂ ಇರಬಹುದು. ದೇವನಹಳ್ಳಿಯ ಎಮಿಗ್ರೇಷನ್ ಕೌಂಟರಲ್ಲಿ ಇಸಿಆರ್ ಪಾಸ್‌ಪೋರ್ಟು, ಟೂಲ್ ಬ್ಯಾಗು, ವಿಸಿಟ್ ವೀಸಾ ಮೂರೂ ಒಟ್ಟಿಗೆ ಕಂಡ್ರೆ ಅಲ್ಲೇ ನಿಲ್ಲಿಸ್ತಾರೆ. ಮೊದಲ ಸಲಕ್ಕೆ ಆ ಮುದ್ರೆ ಒಂದು ಕಾವಲು ಅಂತಲೇ ನಾನು ನೋಡೋದು. ಹೆಸರು ಮಾತ್ರ ಸರಿಮಾಡಿಸಿ.

ಶಿರಾ_ಗೇಟ್_ವೈಂಡಿಂಗ್:

ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ಒಳ್ಳೆ ಕಂಪನಿ ಆದ್ರೆ ಟ್ರೇಡ್ ಟೆಸ್ಟ್ ಇಟ್ಟೇ ಇಡುತ್ತೆ. ಇಲ್ಲದೆ ಎಲೆಕ್ಟ್ರಿಷಿಯನ್ ಅಂತ ತಗೊಳ್ತೀವಿ ಅಂದ್ರೆ ಅದೇ ಒಂದು ಅನುಮಾನದ ಗುರುತು.

ಟೆಸ್ಟಲ್ಲಿ ಸಾಮಾನ್ಯವಾಗಿ ಇರೋದು: 20 ಎಂಎಂ ಕಂಡ್ಯೂಟನ್ನ (ವೈರ್ ಹಾಯಿಸೋ ಪೈಪು) ಸ್ಪ್ರಿಂಗ್ ಹಾಕಿ ಬಗ್ಗಿಸೋದು, ಸ್ಟೀಲ್ ತಂತಿ ಹೊದಿಕೆಯ ಆರ್ಮರ್ಡ್ ಕೇಬಲ್‌ಗೆ ಗ್ಲ್ಯಾಂಡ್ (ಕೇಬಲ್ ತುದಿಯನ್ನ ಬಿಗಿಯಾಗಿ ಹಿಡಿಯೋ ಬಿಡಿಭಾಗ) ಕಟ್ಟೋದು, ಡಿಬಿ ಡ್ರೆಸ್ಸಿಂಗ್ (ಡಿಸ್ಟ್ರಿಬ್ಯೂಷನ್ ಬೋರ್ಡಿನ ವೈರ್‌ಗಳನ್ನ ನೀಟಾಗಿ ಜೋಡಿಸೋದು), ಇನ್ಸುಲೇಷನ್ ಅಳೆಯೋ ಮೆಗ್ಗರ್ ಹಿಡಿಯೋದು, ಮೋಟರ್ ಸ್ಟಾರ್ಟರಿನ ಸ್ಟಾರ್-ಡೆಲ್ಟಾ ವೈರಿಂಗು. ಬರೀ ಕೇಸಿಂಗ್-ಕ್ಯಾಪಿಂಗ್ ಮಾಡಿ ಬಂದ ಹುಡುಗರು ಗ್ಲ್ಯಾಂಡಿಂಗಲ್ಲೇ ಎಡವೋದು. ಸ್ಟೀಲ್ ತಂತಿಗಳನ್ನ ಒಂದೇ ಉದ್ದಕ್ಕೆ ಕತ್ತರಿಸಿ, ಕೋನ್ ಮೇಲೆ ಸುತ್ತಲೂ ಸಮವಾಗಿ ಹರಡಿ ನಟ್ ಬಿಗೀಬೇಕು. ಒಂದರ ಮೇಲೊಂದು ತಂತಿ ಕೂತ್ರೆ ಗ್ಲ್ಯಾಂಡ್ ಹಿಡಿಯಲ್ಲ, ಎಳೆದು ನೋಡಿದ್ರೆ ಕೇಬಲ್ ಜಾರುತ್ತೆ, ಅರ್ತ್ ಕೂಡ ಸರಿ ಸಿಗಲ್ಲ. ಸ್ಟಾರ್-ಡೆಲ್ಟಾ ನಮ್ಮ ಕಡೆ ಬೋರ್‌ವೆಲ್ ಸ್ಟಾರ್ಟರ್ ಬಿಚ್ಚಿ ಕಟ್ಟಿದವರಿಗೆ ಹೊಸದಲ್ಲ, ಆದ್ರೆ ಮೋಟರಿನ ಮೂರು ವೈಂಡಿಂಗಿನ ಆರು ತುದಿಗಳ ಡೆಲ್ಟಾ ಜೋಡಣೆ ಬಾಯಿಪಾಠ ಇರಬೇಕು: ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2. ಯು1ಕ್ಕೆ ಯು2 ಅಂತ ನೇರ ಸೇರಿಸಿಬಿಟ್ರೆ ವೈಂಡಿಂಗಿನ ಎರಡು ತುದಿಗೂ ಒಂದೇ ಫೇಸ್, ಸ್ಟಾರಲ್ಲಿ ಚೆನ್ನಾಗಿ ತಿರುಗಿದ ಮೋಟರು ಡೆಲ್ಟಾಗೆ ಬಿದ್ದ ಕೂಡಲೇ ನಿಂತುಹೋಗುತ್ತೆ. 230 ವೋಲ್ಟಿನ ಸರ್ಕ್ಯೂಟಿಗೆ ಮೆಗ್ಗರ್ 500 ವೋಲ್ಟ್ ಡಿಸಿಯಲ್ಲಿ, ಕನಿಷ್ಠ 1 ಮೆಗಾಓಮ್. ಅಲ್ಲಿನ ಪ್ಲಗ್ಗು ಮೂರು ಚೌಕ ಪಿನ್ನಿಂದು, ಒಳಗೆ 13 ಆಂಪಿನವರೆಗೆ ಫ್ಯೂಸ್ ಇರುತ್ತೆ.

ಶಾರ್ಜಾದ ಈ ಆಫರ್ ಬಿಟ್ರೆ ಬೇರೆ ದಾರಿಗಳೂ ಇವೆ. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ಬೇಸಿಕ್ 1,000 ರಿಯಾಲ್, ಊಟ ಕೊಡದಿದ್ರೆ 300, ರೂಮ್ ಕೊಡದಿದ್ರೆ 500 ಬೇರೆ. ಕರಾರಿಗೆ ಸಹಿ, ಮೆಡಿಕಲ್, ಬೆರಳಚ್ಚು ಎಲ್ಲ ಇಲ್ಲೇ ಭಾರತದ ಕತಾರ್ ವೀಸಾ ಸೆಂಟರಲ್ಲಿ ಮುಗಿಯುತ್ತೆ. ಬೆಂಗಳೂರಲ್ಲಿ ಆ ಸೆಂಟರ್ ಇಲ್ಲ, ಚೆನ್ನೈ ಅಥವಾ ಹೈದರಾಬಾದ್‌ಗೆ ಹೋಗಬೇಕು. ಅನ್‌ಫಿಟ್ ಆದ್ರೂ ಇಲ್ಲೇ ಗೊತ್ತಾಗುತ್ತೆ, ತಮ್ಮನಂಥವರಿಗೆ ಅದೇ ದೊಡ್ಡ ಅನುಕೂಲ. ಸೌದಿಗಾದ್ರೆ ಎಲೆಕ್ಟ್ರಿಷಿಯನ್‌ಗೆ ಅವರದೇ ಕೌಶಲ ಪರೀಕ್ಷೆ ಪಾಸಾಗಬೇಕು.

ಚಿಂತಾಮಣಿ_ಕ್ರಾಸ್:

ಎಲ್ಲರಿಗೂ ಧನ್ಯವಾದ. ನಾಳೆ ಎಕ್ಸ್‌ರೇ ಮಾಡಿಸ್ತೀನಿ, ದುಡ್ಡು ಸದ್ಯಕ್ಕೆ ಕೊಡಲ್ಲ ಅಂದೆ. ಇನ್ನೊಂದು, ಹೋಗೋದೇ ಆದ್ರೆ ಅಮ್ಮ ಸಾರಿನ ಪುಡಿ, ಮಸಾಲೆ, ರಾಗಿ ಹಿಟ್ಟು ಕಟ್ಟಿಕೊಡ್ತೀನಿ ಅಂತಾರೆ. ತೊಂದರೆ ಇದೆಯಾ?

ನರಸಾಪುರ_ಸೆಕೆಂಡ್_ಶಿಫ್ಟ್:

ರಾಗಿ ಹಿಟ್ಟಿಗೆ ತೊಂದರೆ ಇಲ್ಲ. ಮಸಾಲೆಯಲ್ಲಿ ಗಸಗಸೆ ಇರಲೇಬಾರದು. ಯುಎಇ, ಸೌದಿಯಲ್ಲಿ ಗಸಗಸೆಯನ್ನ ಮಾದಕ ವಸ್ತು ಅಂತಲೇ ನೋಡ್ತಾರೆ, ಹಿಡಿದ್ರೆ ಜೈಲು. ನಮ್ಮ ಕಡೆ ಬಾಡೂಟದ ಮಸಾಲೆಗೆ ಗಸಗಸೆ ಹುರಿದು ಹಾಕೋದು ಮಾಮೂಲಿ, ಅದಕ್ಕೇ ಅಮ್ಮನಿಗೆ ಬಿಡಿಸಿ ಹೇಳಿ, ಹೊಸದಾಗಿ ಬೇರೆ ಮಾಡಿಸಿ, ಹಳೇ ಡಬ್ಬದಿಂದ ತುಂಬಿಸಬೇಡಿ. ಗುಟ್ಕಾ, ತಂಬಾಕು ಪೊಟ್ಟಣವೂ ಬೇಡ. ಟ್ರಮಡಾಲ್, ಕೋಡೀನ್ ಇರೋ ಕೆಮ್ಮಿನ ಸಿರಪ್ಪು, ಅಲ್ಪ್ರಜೋಲಾಂ, ಪ್ರೀಗಬಾಲಿನ್ ನಿಯಂತ್ರಿತ ಔಷಧಗಳು, ಮೊದಲೇ ಆನ್‌ಲೈನಲ್ಲಿ ಅನುಮತಿ ಪಡೆಯದೆ ಒಯ್ಯಬಾರದು. ಅಲ್ಲಿರೋ ನಮ್ಮವರಿಗೆ ಇದೊಂದು ಪೊಟ್ಟಣ ತಲುಪಿಸಪ್ಪ ಅಂತ ಯಾರಾದ್ರೂ ಬಂದ್ರೆ ಎದುರಿಗೇ ಬಿಚ್ಚಿಸಿ ನೋಡಿ, ಬಿಚ್ಚೋಕೆ ಒಪ್ಪದಿದ್ರೆ ತಗೋಬೇಡಿ.

ಹೊರಡೋ ಮುಂಚೆ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆ (ವಿದೇಶದ ದುಡಿಮೆ ಇಲ್ಲಿಗೆ ಕಳಿಸೋಕೆ) ಬಗ್ಗೆ ಮಾತಾಡಿ, ಈಗಿರೋ ಉಳಿತಾಯ ಖಾತೆಯನ್ನ ಎನ್‌ಆರ್‌ಒ (ವಿದೇಶದಲ್ಲಿರೋರ ಇಲ್ಲಿನ ಹಣಕ್ಕೆ) ಮಾಡಿಸಬೇಕಾಗುತ್ತೆ. ಪಾಸ್‌ಪೋರ್ಟ್, ಕರಾರು, ವಿಮೆ ಪಾಲಿಸಿಯ ಒಂದೊಂದು ಪ್ರತಿ ಮನೆಯಲ್ಲಿರಲಿ. ಅಲ್ಲಿ ಪಾಸ್‌ಪೋರ್ಟನ್ನ ಕಂಪನಿ ಇಟ್ಟುಕೊಳ್ಳೋ ಹಾಗಿಲ್ಲ. ಇಟ್ಟುಕೊಂಡು ಕೊಡದಿದ್ರೆ, ಇಲ್ಲಾ ಸಂಬಳ ನಿಲ್ಲಿಸಿದ್ರೆ ಯುಎಇ ಒಳಗಿಂದ 800 46342ಗೆ ಫೋನ್ ಮಾಡಬೇಕು. ದುಬೈನಲ್ಲಿರೋ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ್ದು, ಟೋಲ್ ಫ್ರೀ. ತಮ್ಮನ ಫೋನಲ್ಲಿ ಈಗಲೇ ಸೇವ್ ಮಾಡಿಸಿ.